ಲಿನಕ್ಸ್‌ನಲ್ಲಿ ಟಿಪಿಎಂ ಕೀಲಿ: ಬಾಗಲಕೋಟೆಯ ಆಫೀಸಿನಲ್ಲಿ ಬಹುಕಾಲ ಬಳಸಿದ ಮೇಲೆ

ನವನಗರದಲ್ಲಿ ನಮ್ಮದು ಟ್ಯಾಕ್ಸ್ ಕೆಲಸ. ಗುಳೇದಗುಡ್ಡದ ಖಣದ ವ್ಯಾಪಾರಿಗಳು, ಇಳಕಲ್ಲಿನ ಸೀರೆ ಅಂಗಡಿಯವರು, ಎಲ್ಲರ ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟು, ಜಿಎಸ್‌ಟಿ ಲೆಕ್ಕ ಒಂದೇ ಡೆಸ್ಕ್‌ಟಾಪಿನಲ್ಲಿವೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲೇಬೇಕು. ಹಾಗಂತ ಕರೆಂಟ್ ಹೋಗಿ ಬಂದಾಗಲೆಲ್ಲ ಉದ್ದನೆಯ ಪಾಸ್‌ಫ್ರೇಸ್ ಒತ್ತಲು ನಾನೇ ಓಡಿ ಬರಲಾಗುತ್ತದೆಯೇ? ಅದಕ್ಕೇ ಫೆಡೋರಾ ಲಿನಕ್ಸಿನಲ್ಲಿ ಸಿಸ್ಟಮ್‌ಡಿ-ಕ್ರಿಪ್ಟ್‌ಎನ್‌ರೋಲ್ ಎಂಬ ಕಮಾಂಡ್ ಬಳಸಿ ಲಕ್ಸ್ (ಲಿನಕ್ಸಿನ ಡಿಸ್ಕ್ ಎನ್‌ಕ್ರಿಪ್ಶನ್) ಕೀಲಿಯನ್ನು ಟಿಪಿಎಂ 2.0ಗೆ, ಅಂದರೆ ಕಂಪ್ಯೂಟರಿನಲ್ಲಿ ಕೀಲಿ ಕಾಯುವ ಭದ್ರತಾ ಘಟಕಕ್ಕೆ, ಸೀಲ್ ಮಾಡಿದೆ. 2021ರಲ್ಲಿ ಸಿಸ್ಟಮ್‌ಡಿ (ಲಿನಕ್ಸಿನ ಸೇವೆಗಳನ್ನು ಶುರು ಮಾಡಿ ನಡೆಸುವ ವ್ಯವಸ್ಥೆ) 248ರ ಜೊತೆ ಬಂದ ಸೌಲಭ್ಯವಿದು.

ಬೂಟ್ ಆಗುವಾಗಿನ ಪ್ರತಿ ಹಂತದ ಅಳತೆ ಟಿಪಿಎಂನ ಪಿಸಿಆರ್ ಎಂಬ ರಿಜಿಸ್ಟರ್‌ಗಳಲ್ಲಿ ದಾಖಲಾಗುತ್ತದೆ. ಸೀಲ್ ಮಾಡಿದಾಗಿನ ಬೆಲೆಗೆ ಅದು ಹೊಂದಿದರೆ ಮಾತ್ರ ಕೀಲಿ ಹೊರಬರುತ್ತದೆ. ಕೀಲಿಯನ್ನು ನಾನು ಕಟ್ಟಿದ್ದು 7ನೇ ಪಿಸಿಆರ್‌ಗೆ ಮಾತ್ರ, ಅಂದರೆ ಸೆಕ್ಯೂರ್ ಬೂಟ್ (ಸಹಿ ಇರುವ ಸಾಫ್ಟ್‌ವೇರನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಸ್ಥಿತಿಗೆ. 0ಕ್ಕೂ ಕಟ್ಟಿದರೆ ಬಯಾಸ್‌ನ (ಬೋರ್ಡಿನ ಮೂಲ ಸಾಫ್ಟ್‌ವೇರಿನ) ಪ್ರತಿ ಅಪ್‌ಡೇಟಿಗೆ, 9ಕ್ಕೂ ಕಟ್ಟಿದರೆ ಲಿನಕ್ಸಿನ ತಿರುಳಾದ ಕರ್ನಲ್ ಹೊಸದಾದಾಗಲೆಲ್ಲ ತಲೆನೋವು.

ದಿನನಿತ್ಯದ ಬಳಕೆಯಲ್ಲಿ ಇದರ ನೆನಪೇ ಬರುವುದಿಲ್ಲ. ತಕರಾರಿರುವುದು ಕೆಟ್ಟಾಗ. ಏನಾಯಿತೆಂದು ಒಂದು ಮಾತೂ ಹೇಳದೆ ಸುಮ್ಮನೆ ಪಾಸ್‌ಫ್ರೇಸ್ ಕೇಳುತ್ತದೆ. ಕಾರಣ ಬೇಕಾದರೆ ಒಳಗೆ ಹೋಗಿ ಜರ್ನಲ್‌ಸಿಟಿಎಲ್ ಕಮಾಂಡಿನಿಂದ ಸಿಸ್ಟಮ್ ಲಾಗ್ ಕೆದಕಬೇಕು. ಇಷ್ಟು ಒಳ್ಳೆಯ ವ್ಯವಸ್ಥೆಗೆ ಇಷ್ಟು ಮೂಕತನ ಸರಿಯಲ್ಲ.

ಬೇಸಿಗೆಯಲ್ಲೊಮ್ಮೆ ದಿನವಿಡೀ ಕರೆಂಟ್ ಇರಲಿಲ್ಲ. ಬಂದ ಮೇಲೆ ಪಾಸ್‌ಫ್ರೇಸ್ ಕೇಳಿತು, ಕೊಟ್ಟೆ. ಒಳಗೆ ಹೋದರೆ ಗಡಿಯಾರ ಯಾವುದೋ ಹಳೆಯ ವರ್ಷದಲ್ಲಿ ನಿಂತಿದೆ, ಬ್ರೌಸರ್ ಯಾವ ಸೈಟನ್ನೂ ನಂಬುತ್ತಿಲ್ಲ. ಸುಳಿವು ಸಿಕ್ಕಿದ್ದೇ ಅಲ್ಲಿ: ಬೋರ್ಡಿನ ಬಟನ್ ಸೆಲ್ ಸತ್ತು ಬಯಾಸ್ ಸೆಟ್ಟಿಂಗೆಲ್ಲ ಮೊದಲಿನಂತಾಗಿತ್ತು. ನಮ್ಮ ಟಿಪಿಎಂ ಬೇರೆ ಚಿಪ್ ಅಲ್ಲ, ಪ್ರೊಸೆಸರ್‌ನೊಳಗಿನ ಎಫ್‌ಟಿಪಿಎಂ; ಅದು ಆಫ್ ಆಗಿ, ಲಿನಕ್ಸ್ ಅದನ್ನು ತಲುಪುವ ಟಿಪಿಎಂಆರ್‌ಎಂ0 ಎಂಬ ಡಿವೈಸ್ ಫೈಲೇ ಮಾಯ. ರಿಪೇರಿಯವರ ಸಲಹೆ ಒಂದೇ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕ್ರಿ! ಹೊಸ ಸಿಆರ್2032 ಸೆಲ್ ಹಾಕಿ ಎಫ್‌ಟಿಪಿಎಂ ಆನ್ ಮಾಡಿದೆ. ಫೈಲ್ ಬಂತು, ಆದರೂ ಪಾಸ್‌ಫ್ರೇಸ್ ಕೇಳುವುದು ನಿಲ್ಲಲಿಲ್ಲ. ಈಗ ಲಾಗಿನಲ್ಲಿದ್ದದ್ದು ಬೇರೆ ದೂರು: ಪಾಲಿಸಿ ಈಗಿನ ಸ್ಥಿತಿಗೆ ಹೊಂದುತ್ತಿಲ್ಲ. ಮೋಕ್‌ಯುಟಿಲ್ ಎಂಬ ಕಮಾಂಡಿನಿಂದ ಕೇಳಿ ನೋಡಿದರೆ ಸೆಕ್ಯೂರ್ ಬೂಟ್ ಬಂದ್. ಅದನ್ನೂ ಆನ್ ಮಾಡಿದ್ದೇ ತಡ, ಡಿಸ್ಕ್ ತಾನಾಗಿ ತೆರೆದುಕೊಂಡಿತು. ಹೊಸದಾಗಿ ಸೀಲ್ ಮಾಡುವ ಕೆಲಸವೇ ಬರಲಿಲ್ಲ, ಏಕೆಂದರೆ ಸ್ಥಿತಿ ಮೊದಲಿನಂತಾದರೆ ಪಿಸಿಆರ್ ಬೆಲೆಯೂ ಮೊದಲಿನದ್ದೇ.

ಹಾಗಾಗಿ ಪಾಸ್‌ಫ್ರೇಸ್ ಕೇಳಿದ ಕೂಡಲೇ ಟಿಪಿಎಂನ ಹಳೆಯ ಸ್ಲಾಟ್ (ಲಕ್ಸ್‌ನಲ್ಲಿ ಒಂದೊಂದು ಕೀಲಿಗಿರುವ ಜಾಗ) ಅಳಿಸಿ ಮತ್ತೆ ಎನ್‌ರೋಲ್ ಮಾಡುವ ಅವಸರ ಬೇಡ. ಏನು ಬದಲಾಗಿದೆ ಎಂದು ಮೊದಲು ನೋಡಿ. ಫರ್ಮ್‌ವೇರ್ ಅಪ್‌ಡೇಟ್ ಮಾಡುವ ಎಫ್‌ಡಬ್ಲ್ಯೂಅಪ್‌ಡಿ ಮೂಲಕ ಡಿಬಿಎಕ್ಸ್, ಅಂದರೆ ರದ್ದಾದ ಸಹಿಗಳ ಪಟ್ಟಿ, ಅಪ್‌ಡೇಟ್ ಆದಾಗ 7ರ ಬೆಲೆ ನಿಜವಾಗಿಯೂ ಬದಲಾಗುತ್ತದೆ. ಆಗ ಮಾತ್ರ ಹಳೆಯ ಟಿಪಿಎಂ ಸ್ಲಾಟ್ ಅಳಿಸುವ ವೈಪ್-ಸ್ಲಾಟ್ ಆಯ್ಕೆ ಸೇರಿಸಿ ಮರುಸೀಲ್ ಮಾಡುವುದು ಸರಿ. ಇನ್ನು ಎಎಂಡಿ ಬೋರ್ಡುಗಳಲ್ಲಿ ಪ್ರೊಸೆಸರ್ ಬದಲಿಸಿದ ಮೇಲೆ ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ಕೇಳುವ ಪರದೆ ಬರುವುದುಂಟು. ವೈ ಒತ್ತಿದಿರೋ, ಸೀಲ್ ಆದ ಕೀಲಿಗೆ ಎಳ್ಳುನೀರು.

ವಿಜಯಪುರದ ಗೆಳೆಯನೊಬ್ಬನ ಡೆಬಿಯನ್ ಲಿನಕ್ಸಿನಲ್ಲಿ ಎನ್‌ರೋಲ್ ಸರಿಯಾಗಿದ್ದರೂ ಬೂಟಿನಲ್ಲಿ ಕೆಲಸ ಮಾಡುತ್ತಿರಲಿಲ್ಲ. ಎನ್‌ಕ್ರಿಪ್ಟ್ ಆದ ಡಿಸ್ಕುಗಳ ಪಟ್ಟಿಯಾದ ಕ್ರಿಪ್ಟ್‌ಟ್ಯಾಬ್ ಫೈಲಿನ ಟಿಪಿಎಂ2-ಡಿವೈಸ್ ಆಯ್ಕೆಯನ್ನು, ಬೂಟಿನ ಆರಂಭದ ಫೈಲುಗಳನ್ನು ಕಟ್ಟಿಕೊಡುವ ಅಲ್ಲಿನ ಇನಿಟ್‌ರ್ಯಾಮ್‌ಎಫ್‌ಎಸ್-ಟೂಲ್ಸ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೇ ಕೆಲಸದ ಇನ್ನೊಂದು ಸಾಧನ ಡ್ರಾಕಟ್‌ಗೆ ಬದಲಾದ ಮೇಲೆ ಸರಿಹೋಯಿತು.

ಹಳೆಯ ಪಾಸ್‌ಫ್ರೇಸ್ ಸ್ಲಾಟನ್ನು ಎಂದೂ ಅಳಿಸಬೇಡಿ. ರಿಕವರಿ ಕೀಲಿಯನ್ನೂ ಮಾಡಿಸಿ, ಕಾಗದದ ಮೇಲೆ ಬರೆದು ತಿಜೋರಿಯಲ್ಲಿಡಿ, ಏಕೆಂದರೆ ಮದರ್‌ಬೋರ್ಡ್ ಸುಟ್ಟರೆ ಟಿಪಿಎಂನ ಕೀಲಿಯೂ ಅದರ ಜೊತೆಗೇ ಹೋಗುತ್ತದೆ.

ಡೆಸ್ಕ್‌ಟಾಪಿಗೆ ನನ್ನಿಂದ 5ಕ್ಕೆ 4 ಅಂಕ. ಬಸ್ಸಿನಲ್ಲಿ ಒಯ್ಯುವ ಲ್ಯಾಪ್‌ಟಾಪಿಗೆ ಪಿನ್ ಇಲ್ಲದೆ ಇದನ್ನು ಹಾಕಲೇಬೇಡಿ: ಕದ್ದವನು ಬಟನ್ ಒತ್ತಿದರೂ ಡಿಸ್ಕ್ ತೆರೆದು ಲಾಗಿನ್ ಪರದೆ ಬಂದು ನಿಲ್ಲುತ್ತದೆ. ಪಿನ್ ಇದ್ದರೆ, ಪದೇ ಪದೇ ತಪ್ಪು ಒತ್ತಿದವನಿಗೆ ಟಿಪಿಎಂ ಲಾಕ್‌ಔಟ್ ಹಾಕುತ್ತದೆ. ಮನೆಯ ಮಕ್ಕಳು ಒತ್ತಿದರೂ ಅಷ್ಟೇ. ಆಗ ಕಾಯಬೇಕು, ಇಲ್ಲವೇ ತಿಜೋರಿಯ ಕಾಗದ ತೆಗೆಯಬೇಕು.