ಕೆಂಪು ಚೆಂಡು ಮತ್ತು 21 ಇಂಚಿನ ರಾಕೆಟ್: ಎರಡು ವರ್ಷ ಬಳಸಿದ ಮೇಲೆ

ಮಗಳಿಗೆ ಆರೂವರೆ ವರ್ಷ ಇದ್ದಾಗ ಟೆನಿಸ್ ಹುಚ್ಚು ಹಿಡಿಯಿತು. ಮೂಡಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಕೋರ್ಟ್ ಎಲ್ಲಿಂದ ಬರಬೇಕು? ಇದ್ದದ್ದು ಕಾಫಿ ಒಣಗಿಸುವ ಸಿಮೆಂಟ್ ಕಣ.

ಅಂಗಡಿಯವರು "ಬೆಳೆಯೋ ಮಗು, ದೊಡ್ಡದೇ ತಗೊಳ್ಳಿ ಮೇಡಂ" ಅಂತ 27 ಇಂಚಿನ ರಾಕೆಟ್ ಕೊಟ್ಟರು. ಅದು ದೊಡ್ಡವರ ಅಳತೆ. ಜೊತೆಗೆ ಮಾಮೂಲಿ ಹಳದಿ ಚೆಂಡು. ಪುಟಿದ ಚೆಂಡು ಅವಳ ತಲೆ ಮೇಲೆ ಹಾರಿಹೋಗುತ್ತಿತ್ತು. ಎರಡೂ ಕೈಯಲ್ಲಿ ಹಿಡಿದರೂ ರಾಕೆಟ್ ಭಾರಕ್ಕೆ ಮಣಿಕಟ್ಟು ಬಾಗುತ್ತಿತ್ತು. ಮೂರನೇ ದಿನ "ನಂಗೆ ಬೇಡಮ್ಮ" ಅಂತ ಕೂತುಬಿಟ್ಟಳು.

ಆಮೇಲೆ ತರಿಸಿದ್ದು 21 ಇಂಚಿನ ರಾಕೆಟ್, ಕಲಿಯುವ ಮಕ್ಕಳಿಗೆಂದೇ ಮಾಡಿದ ಕೆಂಪು ಚೆಂಡು ಒಂದು ಡಜನ್. ಇವು ಹಳದಿಗಿಂತ ಶೇ. 75ರಷ್ಟು ನಿಧಾನ. 254 ಸೆಂ.ಮೀ. ಎತ್ತರದಿಂದ ಬಿಟ್ಟರೆ ಹಳದಿ ಚೆಂಡು 135ರಿಂದ 147 ಸೆಂ.ಮೀ. ಪುಟಿಯಬೇಕು, ಕೆಂಪು 90ರಿಂದ 105. ಆಗ ಮಗಳ ಎತ್ತರವೇ 115. ವ್ಯತ್ಯಾಸ ಗೊತ್ತಾಯಿತಲ್ವಾ? ಹತ್ತು ವರ್ಷದೊಳಗಿನವರ ಪಂದ್ಯಗಳಲ್ಲಿ ಮಾಮೂಲಿ ಹಳದಿ ಚೆಂಡು ಬೇಡ ಅಂತ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದ ನಿಯಮವನ್ನೇ ಮಾಡಿದೆ. ನನಗೆ ಅದು ಗೊತ್ತಾಗಿದ್ದು ತಡವಾಗಿ.

ಕಣದ ಮೇಲೆ ಸುಣ್ಣದಲ್ಲಿ 11 ಮೀಟರ್ ಉದ್ದ, ಐದೂವರೆ ಮೀಟರ್ ಅಗಲಕ್ಕೆ ಗೆರೆ ಎಳೆದೆವು. ನರ್ಸರಿಯ ಹಸಿರು ನೆರಳು ಪರದೆಯನ್ನು ಮಡಚಿ, ಬಿದಿರು ಗಳಕ್ಕೆ 80 ಸೆಂ.ಮೀ. ಎತ್ತರದಲ್ಲಿ ಕಟ್ಟಿದೆವು. ಮೊದಲ ಸಂಜೆ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಚೆಂಡು ನೆಲಕ್ಕೆ ಬಿದ್ದು, ಎದ್ದು, ಅವಳ ಸೊಂಟದ ಹತ್ತಿರ ಒಂದು ಗಳಿಗೆ ಕಾದಂತೆ ಬಂತು. ಅವಳು ಕಾಲು ಸರಿಸಿ ನಿಂತು ಹೊಡೆದಳು. ಜೋರಾಗಿ ಎಣಿಸುತ್ತಾ ಏಳು ಸಲ ಆಚೀಚೆ ಕಳಿಸಿದೆವು. ನನ್ನ ಕಣ್ಣು ತುಂಬಿ ಬಂತು.

ತೊಂದರೆಗಳೂ ಇವೆ. ಒರಟು ಸಿಮೆಂಟಿಗೆ ಚೆಂಡಿನ ಮೇಲಿನ ಉಣ್ಣೆ ಬೇಗ ಸವೆಯುತ್ತದೆ. ಹನ್ನೆರಡರಲ್ಲಿ ಐದು ಉಳಿದಿವೆ. ಮಳೆಗಾಲದಲ್ಲಿ ಕಣಕ್ಕೆ ಪಾಚಿ ಕಟ್ಟುತ್ತದೆ, ದಯವಿಟ್ಟು ಮಕ್ಕಳನ್ನು ಓಡಿಸಬೇಡಿ. ನಾವು ಆಗ ಹಜಾರದಲ್ಲಿ ಸ್ಪಂಜಿನ ಚೆಂಡಿನಲ್ಲಿ ಆಡುತ್ತೇವೆ, ಕಿಟಕಿ ಗಾಜಿಗೂ ಭಯವಿಲ್ಲ. ಶಟಲ್ ಕೋರ್ಟ್ ಇರುವವರಿಗೆ ಗೆರೆ ಎಳೆಯುವ ಕೆಲಸವೇ ಇಲ್ಲ, ಅಳತೆ ಹೆಚ್ಚುಕಮ್ಮಿ ಹೊಂದುತ್ತದೆ.

ಒಂದು ತಪ್ಪು ನನ್ನದೇ. ವರ್ಷಕ್ಕೇ ಮುಂದಿನ ಹಂತದ ಕಿತ್ತಳೆ ಚೆಂಡಿಗೆ ಹೋದೆ. ಅದು ಹಳದಿಗಿಂತ ಶೇ. 50ರಷ್ಟು ಮಾತ್ರ ನಿಧಾನ, ಕೋರ್ಟ್ 18 ಮೀಟರ್. ಅವಳ ಹೊಡೆತ ಕೆಟ್ಟಿತು, ಸುಮ್ನೆ ಚೆಂಡು ದಾಟಿಸಿದರೆ ಸಾಕು ಅನ್ನುವ ಹಾಗಾಯಿತು. ಮತ್ತೆ ಕೆಂಪಿಗೆ ಬಂದೆವು. ಈ ಸಲ ಕಾಫಿ ಒಣಗಿ ಕಣ ಖಾಲಿಯಾದ ಮೇಲೆ ಕಿತ್ತಳೆ ಹಿಡಿಯುತ್ತೇವೆ. 23 ಇಂಚಿನ ರಾಕೆಟ್ ತರಿಸಿಟ್ಟಿದ್ದೇನೆ.