ಚಾಲನೆಯಲ್ಲಿರುವ ಡೇಟಾಬೇಸ್ ಮೇಲೆ ಜಿಕೋರ್ ಚಲಾಯಿಸಲು ಬಿಡಬೇಡಿ

ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರಿಗೆ, ಅದರಲ್ಲೂ ಹೊರಗಿನವರಿಗೆ ರೂಟ್ ಪ್ರವೇಶ (ಪೂರ್ಣ ಅಧಿಕಾರ) ಕೊಟ್ಟಿರುವವರಿಗೆ, ಈ ಎಚ್ಚರಿಕೆ. ನಮ್ಮ ಡೇಟಾಬೇಸ್ ಒಂದು ಮಧ್ಯಾಹ್ನ ನಿಧಾನವಾಗಿತ್ತು, ನಿಂತಿರಲಿಲ್ಲ. ಅದನ್ನು ಒದಗಿಸಿದ ಕಂಪನಿಯ ಸಪೋರ್ಟ್ ತಂಡದವರು ದೂರದಿಂದಲೇ ಲಾಗಿನ್ ಆಗಿ, ಯಾರನ್ನೂ ಕೇಳದೆ, ಅದರ ಮುಖ್ಯ ಪ್ರೋಸೆಸ್ (ಚಾಲನೆಯಲ್ಲಿರುವ ಪ್ರೋಗ್ರಾಂ) ಮೇಲೆ, ಮೆಮೊರಿಯ ನಕಲನ್ನು ‘ಕೋರ್ ಫೈಲ್’ ಎಂಬ ಕಡತಕ್ಕೆ ಬರೆಯುವ ಜಿಕೋರ್ ಚಲಾಯಿಸಿದರು. ಮರುಕ್ಷಣದಿಂದ ಅಪ್ಲಿಕೇಶನ್‌ಗಳಿಗೆ ಸಂಪರ್ಕ ಸಿಗುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಟಿಸಿಪಿ (ನೆಟ್‌ವರ್ಕ್) ಸಂಪರ್ಕವನ್ನು ಲಿನಕ್ಸ್‌ನ ತಿರುಳಾದ ಕರ್ನಲ್ ತಾನೇ ಪೂರ್ಣಗೊಳಿಸುವುದರಿಂದ, ಪೋರ್ಟ್ ತೆರೆದಿದೆಯೇ ಎಂದಷ್ಟೇ ನೋಡುವ ನಮ್ಮ ಮಾನಿಟರಿಂಗ್ ಎಲ್ಲವನ್ನೂ ಹಸಿರಾಗಿಯೇ ತೋರಿಸುತ್ತಿತ್ತು.

ಪ್ರೋಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಆದೇಶ ಕೊಟ್ಟು ನೋಡಿದಾಗ ಸ್ಥಿತಿಯ ಕಾಲಂನಲ್ಲಿ ಸಣ್ಣಕ್ಷರದ ‘ಟಿ’ ಕಂಡಿತು. ದೊಡ್ಡಕ್ಷರದ್ದಾಗಿದ್ದರೆ ಸಿಗ್ನಲ್‌ನಿಂದ ನಿಂತಿದೆ ಎಂದರ್ಥ. ಸಣ್ಣಕ್ಷರ ಬಂದರೆ ಡೀಬಗರ್ (ದೋಷ ಹುಡುಕುವ ಸಾಧನ) ಅದನ್ನು ಹಿಡಿದು ನಿಲ್ಲಿಸಿದೆ. ಪ್ರತಿ ಪ್ರೋಸೆಸ್‌ನ ಮಾಹಿತಿಯನ್ನು ಕರ್ನಲ್ ತೋರಿಸುವ ಪ್ರಾಕ್ ಡೈರೆಕ್ಟರಿಯಲ್ಲಿ ಆ ಪ್ರೋಸೆಸ್‌ನ ಸ್ಟೇಟಸ್ ಕಡತ ತೆರೆದರೆ, ಸಾಮಾನ್ಯವಾಗಿ ಸೊನ್ನೆ ಇರಬೇಕಾದ ಟ್ರೇಸರ್‌ಪಿಡ್ ಸಾಲಿನಲ್ಲಿ ಜಿಡಿಬಿ ಎಂಬ ಡೀಬಗರ್‌ನ ಪಿಐಡಿ (ಪ್ರೋಸೆಸ್ ಸಂಖ್ಯೆ) ಇತ್ತು. ಅಷ್ಟರಲ್ಲಿ ಕ್ಲಸ್ಟರ್‌ನ (ಒಟ್ಟಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪಿನ) ಎರಡನೆಯ ನೋಡ್, ಅಂದರೆ ಸರ್ವರ್, ‘ಬದುಕಿದ್ದೇನೆ’ ಎಂದು ತಿಳಿಸುವ ಹಾರ್ಟ್‌ಬೀಟ್ ಸಂದೇಶ ಬಾರದ್ದರಿಂದ ಮೊದಲನೆಯದು ಸತ್ತಿದೆಯೆಂದು ತೀರ್ಮಾನಿಸಿ ತಾನೇ ಪ್ರೈಮರಿ (ಬರಹಗಳನ್ನು ಸ್ವೀಕರಿಸುವ ಮುಖ್ಯ ನೋಡ್) ಆಗಿತ್ತು. ಕೋರ್ ಫೈಲ್ ಬರೆದು ಮುಗಿದ ಮೇಲೆ ಹಳೆಯ ಪ್ರೋಸೆಸ್ ಏನೂ ಆಗಿಲ್ಲವೆಂಬಂತೆ ಎದ್ದು, ಕಾದಿದ್ದ ಬರಹಗಳನ್ನು ಸ್ವೀಕರಿಸಿತು. ಎರಡೂ ಕಡೆಯ ದತ್ತಾಂಶವನ್ನು ತಾಳೆ ನೋಡಿ ಹೊಂದಿಸುವಷ್ಟರಲ್ಲಿ ಬೆಳಗಾಯಿತು.

‘ಅದು ಬರೀ ಮಾಹಿತಿ ಸಂಗ್ರಹ, ಪ್ರೋಸೆಸ್‌ಗೆ ತೊಂದರೆಯಿಲ್ಲ’ ಎಂದು ಸಪೋರ್ಟ್‌ನವರು ಕೊಟ್ಟ ಸಮಜಾಯಿಷಿ ಸರಿಯಲ್ಲ. ಜಿಕೋರ್ ಎಂಬುದು ಜಿಡಿಬಿಯನ್ನು ಕರೆಯುವ ಒಂದು ಚಿಕ್ಕ ಸ್ಕ್ರಿಪ್ಟ್. ಅದು ಪಿಟ್ರೇಸ್ (ಒಂದು ಪ್ರೋಸೆಸ್ ಇನ್ನೊಂದನ್ನು ಹಿಡಿದು ನಿಯಂತ್ರಿಸಲು ಕರ್ನಲ್ ಕೊಡುವ ಸೌಲಭ್ಯ) ಮೂಲಕ ಪ್ರೋಸೆಸ್‌ನ ಎಲ್ಲ ಥ್ರೆಡ್‌ಗಳನ್ನೂ ನಿಲ್ಲಿಸಿ, ಮೆಮೊರಿಯನ್ನು ಡಿಸ್ಕ್‌ಗೆ ಬರೆದು ಮುಗಿಸುವವರೆಗೆ ಬಿಡುವುದಿಲ್ಲ. 64 ಜಿಬಿ ಮೆಮೊರಿಯನ್ನು ಸೆಕೆಂಡಿಗೆ 500 ಎಂಬಿ ಬರೆಯುವ ಡಿಸ್ಕ್‌ಗೆ ಇಳಿಸಲು ಎರಡು ನಿಮಿಷಕ್ಕೂ ಹೆಚ್ಚು ಬೇಕು; ಕೆಲವೇ ಸೆಕೆಂಡುಗಳ ಹಾರ್ಟ್‌ಬೀಟ್ ಗಡುವಿರುವ ಕಡೆ ಇದರ ಫಲ ಏನೆಂದು ಮೊದಲೇ ಲೆಕ್ಕ ಹಾಕಬಹುದಿತ್ತು.

ಪ್ರೋಸೆಸ್‌ನ ಸಿಸ್ಟಮ್ ಕಾಲ್‌ಗಳನ್ನು (ಕರ್ನಲ್‌ಗೆ ಸಲ್ಲಿಸುವ ಕೋರಿಕೆಗಳನ್ನು) ತೋರಿಸುವ ಎಸ್‌ಟ್ರೇಸ್ ಕೂಡ ಇದೇ ಪಿಟ್ರೇಸ್ ಅನ್ನೇ ನೆಚ್ಚಿಕೊಂಡಿದೆ. ಅದು ಪ್ರೋಸೆಸ್ ಅನ್ನು ಪ್ರತಿ ಸಿಸ್ಟಮ್ ಕಾಲ್‌ಗೆ ಎರಡು ಬಾರಿ, ಒಳಹೋಗುವಾಗ ಮತ್ತು ಹೊರಬರುವಾಗ, ನಿಲ್ಲಿಸುತ್ತದೆ. ಲೆಕ್ಕ ಮಾತ್ರ ಕೊಡುವ ‘ಸಿ’ ಆಯ್ಕೆ ಹಗುರವೆಂದು ಅನೇಕರು ನಂಬಿದ್ದಾರೆ. ಮುದ್ರಣ ಕಡಿಮೆಯಾಗುತ್ತದೆಯೇ ಹೊರತು ಈ ನಿಲುಗಡೆಗಳು ತಪ್ಪುವುದಿಲ್ಲ.

ಪ್ರೋಸೆಸ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ತಿಳಿಯಲು ಬಹಳಷ್ಟು ಸಲ ಅದನ್ನು ಹಿಡಿದು ನಿಲ್ಲಿಸುವ ಅಗತ್ಯವೇ ಇರುವುದಿಲ್ಲ. ಪ್ರಾಕ್‌ನ ಡಬ್ಲ್ಯುಚಾನ್ ಮತ್ತು ಸ್ಟ್ಯಾಕ್ ಕಡತಗಳು ಅದು ಕರ್ನಲ್‌ನೊಳಗೆ ಎಲ್ಲಿ ಕಾಯುತ್ತಿದೆಯೆಂದು ತೋರಿಸುತ್ತವೆ. ಸಿಸ್ಟಮ್ ಕಾಲ್‌ಗಳನ್ನೇ ನೋಡಬೇಕಾದರೆ ಪರ್ಫ್ ಟ್ರೇಸ್ ಇದೆ. ಅದು ದಾಖಲೆಗಳನ್ನು ಬಫರ್‌ಗೆ ಬರೆಯುತ್ತ ಹೋಗುವುದರಿಂದ ಹೊರೆ ಬಹಳ ಕಡಿಮೆ. ತೆರೆದ ಕಡತಗಳ ಪಟ್ಟಿ ಕೊಡುವ ಎಲ್‌ಎಸ್‌ಓಎಫ್ ಸಹ ಪ್ರೋಸೆಸ್ ಅನ್ನು ನಿಲ್ಲಿಸುವುದಿಲ್ಲ, ಆದರೆ ಉತ್ತರಿಸದ ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಜೋಡಿಸಿದ ಕಡತ ಸಂಗ್ರಹ) ಇದ್ದರೆ ತಾನೇ ಸಿಕ್ಕಿಕೊಳ್ಳುತ್ತದೆ. ಹಾಗಿರುವಲ್ಲಿ ‘ಬಿ’ ಆಯ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು.

ಕೋರ್ ಫೈಲ್ ಬೇಕೇ ಬೇಕೆಂದು ಸಪೋರ್ಟ್‌ನವರು ಹಟ ಹಿಡಿದರೆ, ಮೊದಲು ನೀವೇ ಹೊರೆಯನ್ನು ಇನ್ನೊಂದು ನೋಡ್‌ಗೆ ವರ್ಗಾಯಿಸಿ, ಈ ನೋಡ್ ಅನ್ನು ಕ್ಲಸ್ಟರ್‌ನಿಂದ ಬೇರ್ಪಡಿಸಿ, ಆಮೇಲೆ ಅನುಮತಿ ಕೊಡಿ. ಕರ್ನಲ್‌ನ ಭದ್ರತಾ ಮಾಡ್ಯೂಲ್ ಆದ ಯಾಮಾದಲ್ಲಿ, ಪಿಟ್ರೇಸ್ ಅನ್ನು ಯಾರು ಬಳಸಬಹುದೆಂದು ನಿರ್ಧರಿಸುವ ಪಿಟ್ರೇಸ್ ಸ್ಕೋಪ್ ಅನ್ನು 1ಕ್ಕೋ 2ಕ್ಕೋ ಇಟ್ಟರೆ ರೂಟ್ ಬಳಕೆದಾರನಿಗೆ ತಡೆಯಿಲ್ಲ. 3ಕ್ಕೆ ಇಟ್ಟರೆ ಯಾರೂ ಪ್ರೋಸೆಸ್‌ಗೆ ಅಟ್ಯಾಚ್ ಆಗುವಂತಿಲ್ಲ (ಅದನ್ನು ಹಿಡಿಯುವಂತಿಲ್ಲ), ಆದರೆ ಯಂತ್ರವನ್ನು ರೀಬೂಟ್ ಮಾಡುವವರೆಗೆ ನೀವೂ ಅದನ್ನು ಸಡಿಲಿಸಲಾರಿರಿ.