ಹಸಿರು ದೀಪವನ್ನು ನಂಬಿ ಕೆಟ್ಟೆ: ಇ-ಸಿಗರೇಟಿನ ಚಾರ್ಜರ್ ಕೊಳ್ಳುವವರು ದಯವಿಟ್ಟು ಓದಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಹದಿನೈದು ವರ್ಷಗಳಿಂದ ಅದೇ ವಿದ್ಯೆಯಿಂದ ಅನ್ನ ತಿನ್ನುತ್ತಿರುವ ನಾನು, ಇಪ್ಪತ್ತು ಪೌಂಡಿನ ಒಂದು ಚಾರ್ಜರ್ ಮತ್ತು ಎರಡು ಸೆಲ್‌ಗಳ ವಿಷಯದಲ್ಲಿ ಹಸುಗೂಸಿನಂತೆ ಮೋಸಹೋಗಿ, ಬಾಡಿಗೆ ಮನೆಯ ಅಡುಗೆಕಟ್ಟೆಯನ್ನು ಸುಟ್ಟುಕೊಂಡಿದ್ದೇನೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇಂಗ್ಲೆಂಡಿನ ರೆಡಿಂಗ್ ಮತ್ತು ಸ್ಲೋ ಊರುಗಳ ಕಡೆಯ ನಮ್ಮ ಕನ್ನಡದವರಲ್ಲಿ ಸಿಗರೇಟು ಬಿಡಲೆಂದು ಇ-ಸಿಗರೇಟು ಹಿಡಿದವರು ನಾಲ್ಕಾರು ಮಂದಿ ನನಗೇ ಗೊತ್ತು. ಅವರೆಲ್ಲರೂ ಇಂಥದ್ದೇ ಅಂಗಡಿಗಳಲ್ಲಿ ಕೊಳ್ಳುತ್ತಾರೆ.

ನನ್ನದು ಎರಡು 18650 ಸೆಲ್ ಹಾಕುವ ಸಾಧನ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಈ ಲಿಥಿಯಂ ಸೆಲ್‌ಗಳನ್ನು ಬಳಸುವವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಎರಡು ವರ್ಷ ಒಳ್ಳೆಯ ಚಾರ್ಜರ್ ಇತ್ತು. ಅದು ಕೆಳಗೆ ಬಿದ್ದು ಒಡೆಯಿತು. ಶನಿವಾರ ಸಂಜೆ, ಕೈಯಲ್ಲಿ ಸಾಧನ ಸತ್ತು ಕುಳಿತಿದೆ, ಆನ್‌ಲೈನಿನಲ್ಲಿ ತರಿಸಿದರೆ ಸೋಮವಾರದವರೆಗೆ ಕಾಯಬೇಕು. ಚಟವಿರುವವನ ಶನಿವಾರ ಸಂಜೆ ಹೇಗಿರುತ್ತದೆ ಎಂಬುದು ಚಟವಿರುವವರಿಗೇ ಗೊತ್ತು. ಹೈ ಸ್ಟ್ರೀಟಿನಲ್ಲಿ ಮೊಬೈಲ್ ಗಾಜು ಬದಲಿಸಿಕೊಡುವ, ಜೊತೆಗೆ ಇ-ಸಿಗರೇಟಿಗೆ ತುಂಬುವ ವೇಪ್ ದ್ರವವನ್ನೂ ಮಾರುವ ಒಂದು ಅಂಗಡಿಗೆ ಓಡಿದೆ.

ಅಲ್ಲಿದ್ದವನು ಎರಡು ಸೆಲ್ ಕೂರುವ ಚಾರ್ಜರೊಂದನ್ನು ಮುಂದಿಟ್ಟು, "ಬಾಸ್, ಇದರ ಜೊತೆ ಈ ಸೆಲ್ ತೆಗೆದುಕೊಳ್ಳಿ, ವಾರವಿಡೀ ಚಾರ್ಜ್ ಮಾಡಬೇಕಾಗಿಲ್ಲ" ಎಂದ. ಸೆಲ್‌ನ ಮೇಲೆ ದೊಡ್ಡ ಅಕ್ಷರದಲ್ಲಿ 9900 ಮಿಲಿಆಂಪ್ ಅವರ್ (ಸೆಲ್ ಎಷ್ಟು ವಿದ್ಯುತ್ ಹಿಡಿಯುತ್ತದೆ ಎಂಬುದರ ಅಳತೆ) ಎಂದು ಬರೆದಿತ್ತು. ಬರೆದಿತ್ತು, ನಾನು ಓದಿದೆ, ಓದಿ ಸಂತೋಷಪಟ್ಟೆ. ಈ ಅಳತೆಯ ಸೆಲ್‌ನಲ್ಲಿ ಜಗತ್ತಿನ ಒಳ್ಳೆಯ ತಯಾರಕರು ತುಂಬಬಲ್ಲದ್ದು ಸುಮಾರು 3500ರಷ್ಟು ಮಾತ್ರ, ಇ-ಸಿಗರೇಟಿಗೆ ಬೇಕಾದ ಹೆಚ್ಚು ಆಂಪ್ ಕೊಡುವ ಸೆಲ್‌ಗಳಲ್ಲಿ ಅದಕ್ಕಿಂತಲೂ ಕಡಿಮೆ, ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ತಿಳಿದಿದ್ದದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಚಾರ್ಜರ್ ಮತ್ತು ಸೆಲ್‌ಗಳು ಸೇರಿ 23 ಪೌಂಡ್ ಎಂದವನು, ನಗದು ಕೊಟ್ಟರೆ 20 ಎಂದ. ನಗದು ಕೊಟ್ಟೆ. ರಸೀದಿ ಕೇಳಲಿಲ್ಲ. ಮೂರು ಪೌಂಡ್ ಉಳಿಸಿದೆನೆಂದು ಮನೆಯಲ್ಲಿ ಹೇಳಿಯೂ ಹೇಳಿದೆ.

ಮೊದಲ ಸಲ ಚಾರ್ಜ್‌ಗೆ ಹಾಕಿದಾಗ ಒಂದೂವರೆ ಗಂಟೆಯಲ್ಲಿ ಕೆಂಪು ದೀಪ ಹೋಗಿ ಹಸಿರು ಬಂತು. ನಾನು ಹೆಂಡತಿಯನ್ನು ಕರೆದು, "ನೋಡು, ಎಷ್ಟು ಬೇಗ ತುಂಬಿತು" ಎಂದೆ. ಈ ಮಾತು ನೆನಪಾದಾಗಲೆಲ್ಲ ಈಗ ಮೈ ಕುಗ್ಗುತ್ತದೆ. ಡಬ್ಬಿಯ ಮೇಲೆ ಒಂದೊಂದು ಸೆಲ್‌ಗೆ 1000 ಮಿಲಿಆಂಪ್ ಹರಿವು ಎಂದಿದೆ. ಸೆಲ್‌ನ ಮೇಲೆ 9900 ಎಂದಿದೆ. ಅಂದರೆ ಕಡಿಮೆಯೆಂದರೂ ಹತ್ತು ಗಂಟೆ ಹಿಡಿಯಬೇಕು. ಒಂದೂವರೆ ಗಂಟೆಯಲ್ಲಿ ತುಂಬಿತೆಂದರೆ ಅದು ಚಾರ್ಜರಿನ ಜಾಣತನವಲ್ಲ, ಸೆಲ್‌ನೊಳಗೆ ತುಂಬಲು ಜಾಗವೇ ಇಲ್ಲ. ನಾಲ್ಕನೆಯ ತರಗತಿಯ ಭಾಗಾಕಾರ ಇದು. ಲೆಕ್ಕ ಮಾಡಬೇಕಾದವನು ನಿಂತು ಹೊಗಳಿದೆ.

ಮೂರನೆಯ ರಾತ್ರಿ ಹನ್ನೊಂದಕ್ಕೆ ಚಾರ್ಜ್‌ಗೆ ಹಾಕಿ ಮಲಗಿದೆ. ಮಲಗುವ ಮುನ್ನ ಹಸಿರು ದೀಪ ಬಂದಿರಲಿಲ್ಲ. ಬಂದರೆ ತಾನೇ ನಿಲ್ಲುತ್ತದೆ, ಡಬ್ಬಿಯ ಮೇಲೆ ಹಾಗೆಂದೇ ಬರೆದಿದೆ, ಎಂದುಕೊಂಡೆ. ಸುಮಾರು ಮೂರು ಗಂಟೆಗೆ ಹೊಗೆಯ ಅಲಾರಂ ಕಿರುಚಿತು. ಅಡುಗೆಮನೆಗೆ ಹೋದರೆ ಕುಕ್ಕರ್ ಸೀಟಿ ಹಾಕುವ ಮುನ್ನ ಬರುವಂಥ ಸದ್ದು, ಬಿಳಿಯ ಹೊಗೆ, ಗಂಟಲಿಗೆ ಹತ್ತುವ ಒಂದು ಸಿಹಿ ವಾಸನೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇತ್ತು. ಗೋಡೆಯ ಸ್ವಿಚ್ ಆರಿಸಿ, ಇಕ್ಕಳದಲ್ಲಿ ಹಿಡಿದು, ಎಲ್ಲವನ್ನೂ ಸ್ಟೀಲ್ ಪಾತ್ರೆಗೆ ಹಾಕಿ ಹಿತ್ತಲಿಗೆ ಒಯ್ದೆ. ಹಾಗೆ ಮಾಡಬಾರದಿತ್ತು. ಸೆಲ್ ಕೈಯಲ್ಲೇ ಸಿಡಿಯಬಹುದಿತ್ತು, ಆ ಹೊಗೆ ವಿಷವೂ ಹೌದು. ಮನೆಮಂದಿಯನ್ನು ಎಬ್ಬಿಸಿ ಹೊರಗೆ ಕರೆದೊಯ್ದು ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಬೇಕಿತ್ತು. ಅಡುಗೆಕಟ್ಟೆಯ ಮೇಲೆ ಅಂಗೈಯಗಲದ ಕಪ್ಪು ಗುರುತು ಉಳಿಯಿತು. ನನ್ನವಳು ಬಾಗಿಲ ಬಳಿ ನಿಂತು, "ರೀ, ಬೀಡಿ ಸೇದಿ ಮನೆ ಸುಟ್ಟುಕೊಂಡವರನ್ನು ಕೇಳಿದ್ದೆ, ಬಿಡಲು ಹೋಗಿ ಸುಟ್ಟುಕೊಳ್ಳುವವರನ್ನು ಈಗ ನೋಡಿದೆ" ಎಂದಳು. ಉತ್ತರಿಸಲು ನನ್ನಲ್ಲಿ ಏನೂ ಇರಲಿಲ್ಲ.

ಬೆಳಗಾದ ಮೇಲೆ ಬುದ್ಧಿ ಬಂತು. ಅಡುಗೆಮನೆಯ ತೂಕದ ಯಂತ್ರದಲ್ಲಿ ಹಳೆಯ ಸೆಲ್ ಇಟ್ಟರೆ 47 ಗ್ರಾಂ. ಸುಡದೆ ಉಳಿದ ಹೊಸ ಸೆಲ್ ಇಟ್ಟರೆ 33 ಗ್ರಾಂ. ಮೂರು ಪಟ್ಟು ಶಕ್ತಿಯಿದೆ ಎನ್ನುವ ವಸ್ತು ಮೂರರಲ್ಲಿ ಎರಡು ಪಾಲು ತೂಗುತ್ತಿದೆ. ಆ ಎರಡು ಅಂಕಿಗಳನ್ನು ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು; ಕೆಂಡದಂಥ ಕೋಪ ಬಂದದ್ದು ಅಂಗಡಿಯವನ ಮೇಲೋ ನನ್ನ ಮೇಲೋ ಎಂಬುದೂ ತಿಳಿಯದು. ಆಮೇಲೆ ಮಲ್ಟಿಮೀಟರ್ ಹಿಡಿದೆ: ಉಳಿದ ಸೆಲ್ 4.38 ವೋಲ್ಟ್ ತೋರಿಸಿತು. ಇಂಥ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರಬೇಕು, ಅಲ್ಲಿಗೆ ತಲುಪಿದ ಮೇಲೆ ವೋಲ್ಟೇಜನ್ನು ಅಷ್ಟಕ್ಕೇ ಹಿಡಿದಿಟ್ಟು, ಹರಿವು ಇಳಿಯುತ್ತ ಬಂದಂತೆ ಚಾರ್ಜರ್ ಪೂರ್ತಿ ನಿಂತುಬಿಡಬೇಕು. ಚಾರ್ಜರಿನ ಕೆಲಸವೆಂದರೆ ತುಂಬುವುದಕ್ಕಿಂತ ಹೆಚ್ಚಾಗಿ ನಿಲ್ಲಿಸುವುದೇ. ಒಂದು ಹಳೆಯ ಸೆಲ್ ಹಾಕಿ, ಹಿತ್ತಲಿನ ಕಲ್ಲುಚಪ್ಪಡಿಯ ಮೇಲಿಟ್ಟು ಕಾದು ನೋಡಿದಾಗ ಗುಟ್ಟು ಹೊರಬಿತ್ತು: 4.2 ಆದಾಗ ದೀಪವೇನೋ ಹಸಿರಾಗುತ್ತದೆ, ಆದರೆ ವಿದ್ಯುತ್ ಹರಿಯುತ್ತಲೇ ಇರುತ್ತದೆ. ಇನ್ನೊಂದು ಗಂಟೆಗೆ 4.27. ಅಲ್ಲಿಗೆ ತಂತಿ ಕಿತ್ತೆ. ಅಂದರೆ ಆ ದೀಪ ನಮ್ಮ ಸಮಾಧಾನಕ್ಕೆ ಇಟ್ಟದ್ದು, ಸೆಲ್‌ಗೂ ಅದಕ್ಕೂ ಸಂಬಂಧವಿಲ್ಲ.

ಪ್ಲಗ್ ಇನ್ನೂ ಚೆನ್ನಾಗಿತ್ತು. ಇಂಗ್ಲೆಂಡಿನ ಮೂರು ಕಾಲಿನ ಪ್ಲಗ್‌ನಲ್ಲಿ ಲೈವ್ ಮತ್ತು ನ್ಯೂಟ್ರಲ್ ಕಾಲುಗಳ ಬುಡಕ್ಕೆ ಮಾತ್ರ ಪ್ಲಾಸ್ಟಿಕ್ ಕವಚ ಇರಬೇಕು. ಇದರಲ್ಲಿ ಮೇಲಿನ ಅರ್ಥ್‌ನ ಲೋಹದ ಕಾಲಿಗೂ ಅದೇ ಕವಚ. ತಂತಿಯಿರುವ ಪ್ಲಗ್‌ನಲ್ಲಿ ಫ್ಯೂಸ್ ಇರಬೇಕಾದ ಕಡೆ ಫ್ಯೂಸಿನ ಚಿತ್ರದಂಥ ಒಂದು ಗೆರೆ. ಸುರಕ್ಷತೆಯ ನಿಯಮ ಪಾಲಿಸಿದ್ದೇವೆಂದು ತಯಾರಕರು ಹಾಕುವ ಸಿಇ ಗುರುತು ಮಾತ್ರ ಎರಡು ಕಡೆ ಅಚ್ಚಾಗಿತ್ತು.

ಇನ್ನು ಅಂಗಡಿಯವನ ಉತ್ತರಗಳು. ಇವನ್ನು ಒಂದೂ ಬಿಡದೆ ಬರೆಯುತ್ತೇನೆ, ನಾಳೆ ನಿಮಗೂ ಇವೇ ಸಿಗುತ್ತವೆ. ಸುಟ್ಟ ಚಾರ್ಜರನ್ನು ಮುಂದಿಟ್ಟಾಗ ಮೊದಲು ಬಂದ ಮಾತು, "ಇದು ನಮ್ಮಲ್ಲಿ ತೆಗೆದುಕೊಂಡದ್ದು ಎಂಬುದಕ್ಕೆ ರಸೀದಿ ಇದೆಯೇ?" ನಗದು ಕೊಟ್ಟರೆ ಮೂರು ಪೌಂಡ್ ಬಿಡುವ ಔದಾರ್ಯದ ಅರ್ಥ ಆಗ ತಿಳಿಯಿತು. ಹಿಂದೆಯೇ ಅದೇ ಡಬ್ಬಿಗಳು ಸಾಲಾಗಿ ತೂಗುತ್ತಿದ್ದವು, ತೋರಿಸಿದೆ. ಎರಡನೆಯ ಮಾತು, "ರಾತ್ರಿಯೆಲ್ಲ ಯಾರು ಹಾಕಿಡುತ್ತಾರೆ, ಬಾಸ್?" ತಾನೇ ನಿಲ್ಲುತ್ತದೆ ಎಂದು ಡಬ್ಬಿಯ ಮೇಲಿದೆಯಲ್ಲ ಎಂದೆ. "ಡಬ್ಬಿಯ ಮೇಲಿರುವುದನ್ನು ಕಂಪನಿ ಬರೆದದ್ದು, ನಾನು ಬರೆದದ್ದಲ್ಲ." ಯಾವ ಕಂಪನಿ ಎಂದು ಕೇಳಿದರೆ ಡಬ್ಬಿಯ ಮೇಲೆ ಕಂಪನಿಯ ಹೆಸರೂ ಇಲ್ಲ, ವಿಳಾಸವೂ ಇಲ್ಲ. ಆಮೇಲೆ, "ಚಾರ್ಜರ್ ಸರಿಯಿದೆ, ನಿಮ್ಮ ಸೆಲ್ ಕೆಟ್ಟಿದೆ" ಎಂದ. ಸೆಲ್ ಕೂಡ ನೀನೇ ಕೊಟ್ಟದ್ದು ಎಂದಾಗ, "ಹಾಗಾದರೆ ಸೆಲ್ ಸರಿಯಿದೆ, ನಿಮ್ಮ ಸಾಕೆಟ್ ನೋಡಿಸಿ" ಎಂದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

ನಾನು ಧ್ವನಿ ಏರಿಸಿದೆ. ಅಂಗಡಿಯಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಆಗ ಆತ ಮೆಲ್ಲಗೆ ಒಂದು ಮಾವಿನಹಣ್ಣಿನ ಘಮದ 10 ಮಿಲಿಲೀಟರ್ ದ್ರವದ ಬಾಟಲಿಯನ್ನು ಮುಂದೆ ತಳ್ಳಿ, "ಇದನ್ನಿಟ್ಟುಕೊಳ್ಳಿ, ವಿಷಯ ಮುಗಿಸೋಣ" ಎಂದ. ಮನೆ ಸುಡುವುದಕ್ಕೆ ಅವನ ಅಂಗಡಿಯಲ್ಲಿ ಪರಿಹಾರದ ದರ ಅಷ್ಟು. ತೆಗೆದುಕೊಳ್ಳಲಿಲ್ಲ ಎಂಬುದೊಂದೇ ಈ ಇಡೀ ಕಥೆಯಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ. ಆ ಸಂಜೆ ಸುಟ್ಟ ಕಟ್ಟೆಯ ಫೋಟೋ ಮತ್ತು ತೂಕದ ಫೋಟೋಗಳನ್ನು ಅಂಗಡಿಯ ವಾಟ್ಸ್ಆ್ಯಪ್ ಸಂಖ್ಯೆಗೆ ಕಳಿಸಿದೆ. ಉತ್ತರವಾಗಿ ಒಂದು ಹೆಬ್ಬೆರಳಿನ ಗುರುತು ಬಂತು. ಅದು ಸರಿ ಎಂದೋ, ಹೋಗು ಎಂದೋ, ಇಂದಿಗೂ ಅರ್ಥವಾಗಿಲ್ಲ.

ಇಲ್ಲಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು 30 ದಿನಗಳೊಳಗೆ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದು. ಕೊಂಡದ್ದಕ್ಕೆ ಪುರಾವೆ ಬೇಕು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಲೆಕ್ಕಪಟ್ಟಿಯೇ ಸಾಕಾಗುತ್ತಿತ್ತು. ನಾನು ಜನರಿಗೆ ಉಚಿತ ಸಲಹೆ ಕೊಡುವ ಸಂಸ್ಥೆಯಾದ ಸಿಟಿಜನ್ಸ್ ಅಡ್ವೈಸ್‌ಗೆ ಕರೆ ಮಾಡಿ ಎಲ್ಲವನ್ನೂ ಹೇಳಿದ್ದೇನೆ, ಅವರು ಅದನ್ನು ಅಂಗಡಿಗಳ ಮೇಲೆ ಕಣ್ಣಿಡುವ ಸ್ಥಳೀಯ ಆಡಳಿತದ ವಿಭಾಗವಾದ ಟ್ರೇಡಿಂಗ್ ಸ್ಟ್ಯಾಂಡರ್ಡ್ಸ್‌ಗೆ ಕಳಿಸುತ್ತಾರೆ. ಹಣ ಬಂದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು: ಸಾಧನದ ಜೊತೆ ಬಂದ ಚಾರ್ಜರನ್ನು, ಅಥವಾ ಹೆಸರು ವಿಳಾಸವುಳ್ಳ ತಯಾರಕರದ್ದನ್ನು ಮಾತ್ರ ಬಳಸಿ, ಮಲಗಿದಾಗ, ಮನೆಯಲ್ಲಿ ಇಲ್ಲದಾಗ, ದಿಂಬು ಹಾಸಿಗೆಗಳ ಮೇಲೆ ಚಾರ್ಜ್ ಮಾಡಬೇಡಿ. ಸೆಲ್‌ನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಎಸೆಯಿರಿ, ಏಕೆಂದರೆ ಅದರ ಒಳಗಿನ ಲೋಹದ ಮೈಯೆಲ್ಲ ಋಣಧ್ರುವವೇ, ಬೇರೆ ಲೋಹ ತಗುಲಿದರೆ ಶಾರ್ಟ್ ಆಗುತ್ತದೆ. ಎಸೆಯುವುದೂ ಕಸದ ಬುಟ್ಟಿಗಲ್ಲ, ಬ್ಯಾಟರಿ ಸಂಗ್ರಹದ ಪೆಟ್ಟಿಗೆಗೆ. ಬಿಡಿ ಸೆಲ್‌ಗಳನ್ನು ಕೀಲಿಕೈ, ಚಿಲ್ಲರೆಗಳಿರುವ ಜೇಬಿಗೆ ಹಾಕುವವರೂ ನಮ್ಮಲ್ಲಿದ್ದಾರೆ, ಅವರಿಗೆ ಏನು ಹೇಳಲಿ. ಅಮೆರಿಕದ ಅಗ್ನಿಶಾಮಕ ಆಡಳಿತದ ವರದಿಯೊಂದು 2009ರಿಂದ 2016ರವರೆಗೆ ಅಲ್ಲಿ ಇ-ಸಿಗರೇಟುಗಳು ಹೊತ್ತಿ ಉರಿದ ಅಥವಾ ಸಿಡಿದ 195 ಘಟನೆಗಳನ್ನು ಪಟ್ಟಿ ಮಾಡಿದೆ. ಚಾರ್ಜ್ ಮಾಡುವಾಗಿನವು 48, ಜೇಬಿನಲ್ಲಿದ್ದಾಗಿನವು ಅದಕ್ಕಿಂತ ಹೆಚ್ಚು.

ಊರಿಗೆ ಹೋಗುವವರಿಗೂ ಒಂದು ಮಾತು. ದಾವಣಗೆರೆಯ ನನ್ನ ಭಾವಮೈದುನ ತನಗೂ ಒಂದು ಇ-ಸಿಗರೇಟು ತಂದುಕೊಡಿ ಭಾವ ಎಂದು ಎರಡು ಸಲ ಕೇಳಿದ. ಕರ್ನಾಟಕದಲ್ಲಿ 2016ರಲ್ಲಿಯೇ, ದೇಶದಲ್ಲೆಲ್ಲ 2019ರ ಕಾಯ್ದೆಯಿಂದ ಇದು ನಿಷಿದ್ಧ. ತಂದರೆ ಮೊದಲ ಅಪರಾಧಕ್ಕೇ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಆದರೆ ಇದೇ 18650 ಸೆಲ್ ರಾತ್ರಿ ತೋಟಕ್ಕೆ ನೀರು ಬಿಡಲು ಹೋಗುವವರ ತಲೆಗೆ ಕಟ್ಟುವ ಟಾರ್ಚಿನಲ್ಲಿಯೂ, ಪವರ್ ಬ್ಯಾಂಕಿನಲ್ಲಿಯೂ ಇರುತ್ತದೆ. ಅವನ ಟಾರ್ಚಿನ ಸೆಲ್ ಬಿಚ್ಚಿ ಫೋಟೋ ಕಳಿಸು ಎಂದೆ. ಅದರ ಮೇಲೆ 8800 ಎಂದಿತ್ತು.

ರೆಡಿಂಗ್ ಸುತ್ತಮುತ್ತ ಇರುವವರು ಸಂಶಯವಿದ್ದರೆ ಶನಿವಾರ ಮಧ್ಯಾಹ್ನ ಚಾರ್ಜರ್ ಮತ್ತು ಸೆಲ್‌ಗಳನ್ನು ತನ್ನಿ, ಹಿತ್ತಲಿನಲ್ಲಿಟ್ಟು ಅಳೆದು ಹೇಳುತ್ತೇನೆ. ಮಲ್ಟಿಮೀಟರ್ ನನ್ನದು. ತೂಕದ ಯಂತ್ರ ಮನೆಯವಳದು, ಅದನ್ನು ಮಾತ್ರ ಅವಳನ್ನು ಕೇಳಿಯೇ ತರಬೇಕು.